ಒಂದು ಮಿಣುಕು, ಮೂರು ಮಿಣುಕು

"ಏನ್ ಮೇಸ್ತ್ರಿ, ಇವತ್ತಾದ್ರೂ ಬಾಯಿ ಬಿಡ್ತಾ ನಿಮ್ ಕಾರು?"

ಪೇದೆ ಕಾಂತಾಲಿಸಿಯೊ ಮಾವಿನ ಮರದ ನೆರಳಿನಿಂದಲೇ ಕೂಗಿದ. ಎವಾರಿಸ್ತೊ ತಿರುಗಿ ನೋಡಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡಿನ ಹಳದಿ ದೀಪವನ್ನೇ ದಿಟ್ಟಿಸುತ್ತಿದ್ದ.

ದೀಪ ಒಂದೇ ಸಮನೆ ಮಿಣುಕುತ್ತಿತ್ತು. ನಿಲ್ಲುವುದಿಲ್ಲ, ತಡವರಿಸುವುದಿಲ್ಲ. 'ನಂಗೇನೂ ಆಗಿಲ್ಲ, ನಾನು ಗಟ್ಟಿಮುಟ್ಟಾಗಿದ್ದೀನಿ' ಎಂದು ಕಾರು ಹೇಳುವ ರೀತಿ ಅದು.

ಇಷ್ಟು ಹಳೇ ಜಪಾನಿ ಕಾರಿಗೆ ದೊಡ್ಡ ಯಂತ್ರವೇನೂ ಹಚ್ಚಬೇಕಾಗಿಲ್ಲ. ಬಾನೆಟ್ಟಿನ ಕೆಳಗಿರುವ ಕಪ್ಪು ಡಬ್ಬಿಯ ಎರಡು ತೂತುಗಳಿಗೆ ಒಂದು ತುಂಡು ತಂತಿ ಸಿಕ್ಕಿಸಿದರೆ ಸಾಕು, ದೀಪವೇ ಮಿಣುಕಿ ರೋಗದ ನಂಬರ್ ಹೇಳುತ್ತದೆ. ಒಂದು ಮಿಣುಕು, ಬಿಡುವು, ಆಮೇಲೆ ಮೂರು ಮಿಣುಕು ಬಂದರೆ ಹದಿಮೂರು. ಹದಿಮೂರು ಅಂದರೆ ಇಂಜಿನ್ ತಿರುಗುತ್ತಿದೆ ಎಂದು ಸುದ್ದಿ ಕೊಡುವ ಸೆನ್ಸರ್‌ನಿಂದ ಸುದ್ದಿ ಬರುತ್ತಿಲ್ಲ ಎಂದರ್ಥ. ಸುದ್ದಿ ಬರದಿದ್ದರೆ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುತ್ತದೆ. ಇಂಜಿನ್ ಎಲ್ಲಿದೆಯೋ ಅಲ್ಲೇ ಸಾಯುತ್ತದೆ.

ಎವಾರಿಸ್ತೊಗೆ ಬೇಕಾಗಿದ್ದದ್ದು ಅದೊಂದೇ ನಂಬರ್. ಮೂರು ದಿನದಿಂದ ಅದಕ್ಕಾಗಿ ಈ ಪೊಲೀಸ್ ಅಂಗಳದ ಕೆಂಪು ಧೂಳು ತಿನ್ನುತ್ತಿದ್ದ.

ಹತ್ತೊಂಬತ್ತು ದಿನದ ಹಿಂದೆ, ಕಾಕುಪೆ ಇಳಿಜಾರಿನ ತಿರುವಿನಲ್ಲಿ, ಅವನ ಅಳಿಯ ವಿದಾಲ್ ಓಡಿಸುತ್ತಿದ್ದ ಇದೇ ಬಿಳಿ ಬಾಡಿಗೆ ಕಾರು ನಡುರಸ್ತೆಯಲ್ಲಿ ನಿಂತಿತ್ತು. ಹಿಂದಿನಿಂದ ಬಂದ ಲಾರಿ ಗುದ್ದಿ ಹಿಂದಿನ ಸೀಟಿನಲ್ಲಿದ್ದ ಸರ್ವೇಯರ್ ದೋನ್ ಅಪಾರಿಸಿಯೊ ಸತ್ತಿದ್ದ. ಮರುದಿನ ಬೆಳಿಗ್ಗೆ ಆ ಸರ್ವೇಯರ್ ಒಂದು ದೊಡ್ಡ ಜಮೀನಿನ ಗಡಿ ವಿಷಯದಲ್ಲಿ ಕೋರ್ಟಿಗೆ ಹೋಗಿ ಸಾಕ್ಷಿ ಹೇಳಬೇಕಿತ್ತು.

"ಇಂಜಿನ್ ತಾನಾಗೇ ಸತ್ತೋಯ್ತು," ಎಂದ ವಿದಾಲ್.

"ಇಂಜಿನ್ ಕಲ್ಲುಗುಂಡಿನ ಹಾಗಿದೆ. ಬೇಕಂತಲೇ ನಿಲ್ಲಿಸಿದ್ದಾನೆ," ಎಂದ ಸರ್ಕಾರದ ಪರಿಣತ.

ಪರಿಣತ ನೋಡುವ ಹೊತ್ತಿಗೆ ಕಾರಿನ ನೆನಪೇ ಅಳಿಸಿಹೋಗಿತ್ತು. ಬೆಂಕಿ ಹತ್ತೀತು ಎಂದು ಫೈರ್ ಸರ್ವಿಸಿನವರು ಮೊದಲು ಬಂದು ಬ್ಯಾಟರಿಯ ತಂತಿ ಕಿತ್ತಿದ್ದರು. ಅದು ಅವರ ಕೆಲಸ, ಅವರನ್ನು ಬೈಯುವ ಹಾಗಿಲ್ಲ. ಆದರೆ ಬ್ಯಾಟರಿ ಹೋದರೆ ಒಳಗೆ ಕೂತಿದ್ದ ಹದಿಮೂರೂ ಹೋಗುತ್ತದೆ.

ಕಾರಿನ ಹಿಂಭಾಗ ನುಜ್ಜುಗುಜ್ಜಾಗಿತ್ತು. ಮುಂಭಾಗಕ್ಕೆ ಒಂದು ಗೀರೂ ಇಲ್ಲ. ಚಾವಿ ತಿರುಗಿಸಿದರೆ ಸಾಕು, ಮೊದಲನೇ ಸಲಕ್ಕೇ ಗುರ್ರೆನ್ನುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಎವಾರಿಸ್ತೊ ಇಂಜಿನ್ ಆರಿಸಿ ಮತ್ತೆ ಚಾವಿ ತಿರುಗಿಸುತ್ತಿದ್ದ. ಮೂವತ್ತೆಂಟು ವರ್ಷ ಗಾಡಿ ರಿಪೇರಿ ಮಾಡಿದ್ದಾನೆ. 'ಒಂದೇ ಒಂದು ಸಲ ಕೆಟ್ಟುಹೋಗೇ ತಾಯಿ' ಎಂದು ಯಾವ ಗಾಡಿಯ ಮುಂದೆಯೂ ಹೀಗೆ ಗೋಗರೆದಿರಲಿಲ್ಲ.

"ಬನ್ನಿ, ಒಂದು ಗುಟುಕು ತೆರೆರೆ ಕುಡೀರಿ, ಸೊಪ್ಪು ನೆನೆಸಿದ ತಣ್ಣೀರು ಹೊಟ್ಟೆಗೆ ಒಳ್ಳೇದು," ಕಾಂತಾಲಿಸಿಯೊ ಮತ್ತೆ ಕೂಗಿದ. "ಐಸ್ ಇನ್ನೂ ಕರಗಿಲ್ಲ."

"ಕೆಲಸದ ಹೊತ್ನಲ್ಲಿ ಬೇಡ."

"ಮೂರ್ ದಿನ ಆಯ್ತು, ಬೇಡ ಬೇಡ ಅಂತೀರಿ. ನನ್ನ ಲೋಟಕ್ಕೇನು ಕಜ್ಜಿ ಹತ್ತಿದ್ಯಾ?"

"ನಿನ್ನ ಲೋಟ ಚಿನ್ನದ್ದೇ ಇರ್ಲಿ ಮಾರಾಯ. ಬಾಯಿ ಮುಚ್ಕೊಂಡು ಕೂತ್ಕೋ."

ಎವಾರಿಸ್ತೊ ಇರುವುದೇ ಹಾಗೆ. ಕೆಲಸ ಮಾಡುವಾಗ ಪಕ್ಕದಲ್ಲಿ ನರಪಿಳ್ಳೆಯೂ ಇರಬಾರದು. ಗಾಡಿ ತಂದವನನ್ನು ಮೊದಲು ಅಂಗಡಿಯಾಚೆಯ ಬೆಂಚಿಗೆ ಅಟ್ಟುತ್ತಾನೆ, ಆಮೇಲೆ ಒಬ್ಬನೇ ಕೂತು ಓಡಿಸಿ ನೋಡುತ್ತಾನೆ. 'ಕಿವಿಯಲ್ಲಿ ಇಂಜಿನ್ ಮಾತ್ರ ಇರ್ಬೇಕು' ಎನ್ನುವುದು ಅವನ ಜಂಬ. ಊರಿನವರು ಅದನ್ನು ಒಪ್ಪಿಕೊಂಡಿದ್ದರು. ಅಳಿಯನೂ ಒಪ್ಪಿಕೊಂಡಿದ್ದ.

ಹೋದ ಮಳೆಗಾಲದಿಂದ ವಿದಾಲ್ ಮೂರು ಸಲ ಈ ಕಾರು ತಂದಿದ್ದ. ಮೂರು ಸಲವೂ ಅದೇ ಗೋಳು. "ಮಾವ, ಓಡ್ತಾ ಓಡ್ತಾ ಪಕ್ಕನೆ ಸತ್ತೋಗುತ್ತೆ. ಎರಡು ನಿಮಿಷ ಬಿಟ್ಟು ಚಾವಿ ತಿರುಗಿಸಿದ್ರೆ ಏನೂ ಆಗೇ ಇಲ್ವೇನೋ ಅನ್ನೋ ಹಾಗೆ ಎದ್ದು ಕೂತ್ಕೊಳ್ಳುತ್ತೆ." ಮೂರು ಸಲವೂ ದೀಪ ಹದಿಮೂರು ಎಂದಿತ್ತು. ಮೊದಲ ಸಲ ಸೆನ್ಸರ್ ತೊಳೆದು ಹಾಕಿದ. ಎರಡನೇ ಸಲ ಹೊಸದು ಹಾಕಿದ. ಮೂರನೇ ಸಲ ಹೊಸದೂ ಸರಿಯಿಲ್ಲವೆಂದು ಇನ್ನೊಂದು ಹೊಸದು ಹಾಕಿದ. ಪ್ರತಿ ಸಲವೂ ಕೋಡ್ ಅಳಿಸಿ, ಒಬ್ಬನೇ ಹತ್ತು ಕಿಲೋಮೀಟರ್ ಓಡಿಸಿ, "ಸರಿಹೋಯ್ತು ಹೋಗು" ಎಂದು ಬೆನ್ನು ತಟ್ಟಿ ಕಳಿಸಿದ್ದ.

ಅದಕ್ಕೊಂದು ಚೀಟಿಯೂ ಇರಲಿಲ್ಲ. ಅಳಿಯನಿಗೆ ಯಾರಾದರೂ ರಸೀತಿ ಬರೆದುಕೊಡುತ್ತಾರೆಯೇ? ಈಗ ಸರ್ಕಾರಿ ವಕೀಲೆ ಸುನಿಲ್ದಾ ಫ್ರೆತೆಸ್ ಕೇಳುತ್ತಿದ್ದದ್ದು ಅದನ್ನೇ.

"ನೀವು ಮಾವ. ನೀವು ಹೇಳಿದ್ನೆಲ್ಲ ನಾನು ನಂಬೋಕಾಗುತ್ತಾ?" ಎಂದಿದ್ದಳು ಆಕೆ. ಆದರೆ ಕೆಟ್ಟ ಹೆಂಗಸಲ್ಲ. "ಮೂರು ದಿನ ಕಾರು ನಿಮ್ಮ ಕೈಗೆ ಕೊಡ್ತೀನಿ. ಪೊಲೀಸ್ ಕಣ್ಣೆದುರಿಗೆ ನೋಡಿ. ಮೂರನೇ ದಿನ ಹನ್ನೊಂದು ಗಂಟೆಗೆ ನಾನು ಬರ್ತೀನಿ, ನಿಮ್ಮ ಅಳಿಯನ್ನೂ ಕರ್ಕೊಂಡು ಬರ್ತೀನಿ. ನನ್ನ ಮುಂದೆ ಒಂದೇ ಒಂದು ಸಲ ಇಂಜಿನ್ ನಿಲ್ಲಿಸಿ ತೋರಿಸಿ ಸಾಕು. ಕೊಲೆ ಅನ್ನೋ ಮಾತನ್ನೇ ಕೈಬಿಡ್ತೀನಿ."

ಆ ಮೂರನೇ ದಿನ ಇವತ್ತು. ಗಂಟೆ ಹತ್ತಾಗಲು ಹತ್ತು ನಿಮಿಷ.

ಅವನು ಶಂಕಿತರನ್ನೆಲ್ಲ ಒಬ್ಬೊಬ್ಬರಾಗಿ ಹಿಡಿದು ತದಕಿ ಬಿಟ್ಟಿದ್ದ. ಸೆನ್ಸರ್ ನಿರಪರಾಧಿ. ಮೀಟರ್ ಹಚ್ಚಿ, ಬಿಸಿ ಮಾಡಿ, ನೀರು ಚಿಮುಕಿಸಿ ನೋಡಿದ್ದ. ಕಂಪ್ಯೂಟರ್ ಡಬ್ಬಿಯೂ ನಿರಪರಾಧಿ. ಉಳಿದದ್ದು ತಂತಿ.

ತಂತಿಯ ಮೇಲೆಯೇ ಅವನ ಅನುಮಾನ ಹೆಚ್ಚು. ಈ ದೇಶದ ಅರ್ಧ ಕಾರುಗಳಂತೆ ಇದೂ ಹಡಗಿನಲ್ಲಿ ಬಂದದ್ದು. ಜಪಾನಿನಲ್ಲಿ ಸ್ಟೀರಿಂಗ್ ಬಲಕ್ಕೆ, ಇಲ್ಲಿ ಎಡಕ್ಕೆ. ಬಂದರಿನ ಗ್ಯಾರೇಜಿನವರು ಕಾರಿನ ಹೊಟ್ಟೆ ಬಗೆದು ಸ್ಟೀರಿಂಗು, ಪೆಡಲು ಎಲ್ಲವನ್ನೂ ಎಡಕ್ಕೆ ಸಾಗಿಸುತ್ತಾರೆ. ಎಡಗಡೆ ಸುಖವಾಗಿ ಕೂತಿದ್ದ ಕಂಪ್ಯೂಟರ್ ಡಬ್ಬಿಗೆ ಜಾಗವಿಲ್ಲದೆ ಅದು ಬಲಕ್ಕೆ ಹೋಗುತ್ತದೆ. ಆಗ ತಂತಿ ಗಿಡ್ಡ ಆಗುತ್ತದೆ. ಕತ್ತರಿಸಿ, ತುಂಡು ಸೇರಿಸಿ, ಟೇಪ್ ಸುತ್ತಿ ಕೈತೊಳೆದುಕೊಳ್ಳುತ್ತಾರೆ.

ಮೊದಲ ದಿನವೇ ಅವನು ಡ್ಯಾಶ್‌ಬೋರ್ಡ್ ಸಡಿಲಿಸಿ ಆ ಗಂಟುಗಳನ್ನು ಹುಡುಕಿ ತೆಗೆದಿದ್ದ. ಸೆನ್ಸರ್ ತಂತಿಯ ಗಂಟೂ ಸಿಕ್ಕಿತ್ತು. ಎಳೆದ, ತಿರುಚಿದ, ಹಲ್ಲಿನಲ್ಲಿ ಕಚ್ಚಿದ. ಗಂಟು ಅಲುಗಲಿಲ್ಲ. ಅದನ್ನು ಕಟ್ಟಿದವನು ಯಾರೋ ನಿಯತ್ತಿನ ಮನುಷ್ಯ.

ಅಂಗಳದಲ್ಲಿ ಸುತ್ತು ಹೊಡೆದ. ಗೇಟಿನ ಬಳಿಯ ಎರಡು ರೋಡ್ ಹಂಪುಗಳ ಮೇಲೆ ಕಾರನ್ನು ಕುಕ್ಕಿ ಕುಕ್ಕಿ ಹಾರಿಸಿದ. ತಣ್ಣಗಿರುವಾಗ, ಕಾದಿರುವಾಗ, ಪೆಟ್ರೋಲ್ ಕಡಿಮೆ ಇರುವಾಗ, ತುಂಬಿರುವಾಗ. ಪ್ರತಿ ಸಂಜೆ ಠಾಣೆಯ ಪುಸ್ತಕದಲ್ಲಿ ಅದನ್ನೆಲ್ಲ ಬರೆದು ಸಹಿ ಹಾಕಬೇಕಿತ್ತು. ನಿಯತ್ತಾಗಿಯೇ ಬರೆದ: 'ಅರವತ್ತೆರಡು ಸಲ ಸ್ಟಾರ್ಟ್ ಮಾಡಿದೆ. ಹಂಪಿನ ಮೇಲೆ ನಲವತ್ತು ಸಲ ಹಾರಿಸಿದೆ. ಒಂದು ಸಲವೂ ನಿಲ್ಲಲಿಲ್ಲ.'

ನಿನ್ನೆ ಮಗಳು ನಿಮಿಯಾ, ವಿದಾಲ್‌ನ ಹೆಂಡತಿ, ಬುತ್ತಿ ತಂದಿದ್ದಳು. ಏನಪ್ಪಾ ಆಯ್ತು ಎಂದು ಕೇಳಲಿಲ್ಲ. ಅಪ್ಪನ ಮುಖ ನೋಡಿದಳು, ಬುತ್ತಿ ಇಟ್ಟಳು, ಹೋದಳು. ಕೇಳಿದ್ದರೇ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತ್ತು.

ಈಗ ಅವನು ಸ್ಟೀರಿಂಗ್ ಮೇಲೆ ಹಣೆ ಇಟ್ಟ. ಕೈಲಾಗಲಿಲ್ಲ. ಇನ್ನೇನೂ ಮಾಡಲು ಉಳಿದಿರಲಿಲ್ಲ.

"ಮೇಸ್ತ್ರಿ, ಅಳ್ತಿದ್ದೀರಾ?"

ಕಾಂತಾಲಿಸಿಯೊ ಕಿಟಕಿಯ ಬಳಿ ಬಂದು ನಿಂತಿದ್ದ. ಒಂದು ಕಂಕುಳಲ್ಲಿ ಐಸ್ ನೀರಿನ ಫ್ಲಾಸ್ಕು, ಕೈಯಲ್ಲಿ ದನದ ಕೊಂಬಿನ ಲೋಟ, ಅದರಲ್ಲಿ ಸಿಕ್ಕಿಸಿದ, ಹೀರುವ ಕಬ್ಬಿಣದ ಕೊಳವೆ.

"ಬೆವರು ಕಣಯ್ಯ."

"ಹೂಂ, ಕಣ್ಣಲ್ಲಿ ಬರೋ ಬೆವರು." ಪೇದೆ ನಗಲಿಲ್ಲ. "ಕುಡೀರಿ ಸುಮ್ನೆ. ನಮ್ಮಮ್ಮ ಕಿತ್ತು ಕೊಟ್ಟ ಸೊಪ್ಪು ಹಾಕಿದ್ದೀನಿ, ಎದೆ ತಣ್ಣಗಾಗುತ್ತೆ. ನಾನೂ ಕೂತ್ಕೊತೀನಿ, ಬಿಸಿಲಲ್ಲಿ ನನ್ನ ತಲೆ ಕಾದು ಕೆಂಡ ಆಗ್ತಿದೆ."

ಬೇಡ ಎನ್ನುವ ಶಕ್ತಿಯೂ ಎವಾರಿಸ್ತೊಗೆ ಇರಲಿಲ್ಲ. ಇಂಜಿನ್ ತನ್ನ ಪಾಡಿಗೆ ಗುರುಗುಡುತ್ತಿತ್ತು. ಪೇದೆ ಸುತ್ತು ಹಾಕಿ ಬಂದು ಬಲಗಡೆಯ ಬಾಗಿಲು ತೆರೆದ.

"ಏನಿದು ಸೀಟು! ಮಂಡಿ ಮೂಗಿಗೆ ತಾಗ್ತಿದೆ. ಇಲ್ಲಿ ಕೂತಿದ್ದೋರು ಗೊಂಬೇನೋ ಮನುಷ್ಯರೋ?"

"ಕೂತ್ಕೊಳ್ಳೋದಾದ್ರೆ ಕೂತ್ಕೋ. ಯಾವ್ದನ್ನೂ ಮುಟ್ಬೇಡ."

ಕಾಂತಾಲಿಸಿಯೊ ತನ್ನ ತೊಂಬತ್ತೆಂಟು ಕಿಲೋ ಮೈಯನ್ನು ಹೇಗೋ ಒಳಗೆ ತುರುಕಿದ. ಕೊಂಬಿಗೆ ನೀರು ಹಾಕಿದ. ಲೋಟ ದಾಟಿಸಲು ಪಕ್ಕಕ್ಕೆ ತಿರುಗಬೇಕಿತ್ತು. ಹಿಮ್ಮಡಿ ಊರಿ ಮೈ ತಿರುಗಿಸಿದ.

ಇಂಜಿನ್ ಸತ್ತಿತು.

ಕೆಮ್ಮಲಿಲ್ಲ, ನಡುಗಲಿಲ್ಲ. ಯಾರೋ ಕತ್ತು ಹಿಸುಕಿದ ಹಾಗೆ ಪಕ್ಕನೆ ನಿಂತುಹೋಯಿತು.

ಇಬ್ಬರೂ ಅಲುಗಾಡಲಿಲ್ಲ. ಲೋಟ ಇಬ್ಬರ ಕೈಯ ನಡುವೆ ಹಾಗೇ ಉಳಿಯಿತು.

"ದೇವರಾಣೆ ನಾನೇನೂ ಮುಟ್ಲಿಲ್ಲ ಮೇಸ್ತ್ರಿ!"

ಎವಾರಿಸ್ತೊ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದ. ಚಾವಿಯನ್ನು ಆನ್‌ನಲ್ಲೇ ಬಿಟ್ಟು, ದೀಪವನ್ನು ನೋಡಿದ.

ಒಂದು ಮಿಣುಕು. ಬಿಡುವು. ಒಂದು, ಎರಡು, ಮೂರು.

ಮತ್ತೆ ಒಂದು. ಬಿಡುವು. ಒಂದು, ಎರಡು, ಮೂರು.

"ಕಾಂತಾ," ಎಂದ ಅವನು, ದೀಪದಿಂದ ಕಣ್ಣು ಕೀಳದೆ. "ಕಾಲು ಎತ್ತು."

"ಯಾವ ಕಾಲು?"

"ಎರಡೂ ಎತ್ತಯ್ಯ!"

ಪೇದೆ ಎರಡೂ ಬೂಟುಗಳನ್ನು ಡ್ಯಾಶ್‌ಬೋರ್ಡಿಗೆ ಒತ್ತಿ ಹಿಡಿದ. ಎವಾರಿಸ್ತೊ ಚಾವಿ ತಿರುಗಿಸಿದ. ಇಂಜಿನ್ ಎದ್ದಿತು.

"ಈಗ ಎಡಗಾಲು ಇಳಿಸು. ಹಿಮ್ಮಡಿ ಊರು. ಇನ್ನೂ ಒಳಕ್ಕೆ. ಒತ್ತು."

ಇಂಜಿನ್ ಸತ್ತಿತು.

ಐದು ಸಲ ಮಾಡಿದರು, ಐದು ಸಲವೂ ಸತ್ತಿತು. ಆರನೇ ಸಲ ಎವಾರಿಸ್ತೊನೇ ಬಗ್ಗಿ ಕಾರ್ಪೆಟ್ಟಿನ ಮೇಲೆ ಬೆರಳಾಡಿಸಿದ. ಸೀಟಿನ ಮುಂದೆ, ಹಿಮ್ಮಡಿ ಬೀಳುವ ಜಾಗದಲ್ಲಿ, ಕಡಲೆಕಾಯಿಯಷ್ಟು ದಪ್ಪದ ಒಂದು ಉಬ್ಬು. ಒತ್ತಿದ, ಸತ್ತಿತು.

ಇನ್ನೊಂದು ಗಂಟು! ಒಂದೇ ತಂತಿಗೆ ಎರಡು ಗಂಟು. ಡ್ಯಾಶ್‌ಬೋರ್ಡಿನ ಹಿಂದೆ ಒಮ್ಮೆ ಉದ್ದ ಮಾಡಿದ್ದಾರೆ, ಸಾಲಲಿಲ್ಲ. ಆಮೇಲೆ ಕಾರ್ಪೆಟ್ಟಿನ ಕೆಳಗೆ ಎಳೆದು ಮತ್ತೊಮ್ಮೆ ಸೇರಿಸಿದ್ದಾರೆ. ಜನ ಕಾಲಿಡುವ ಜಾಗದಲ್ಲಿ! ಒಂದು ಗಂಟು ಸಿಕ್ಕಿದ ಖುಷಿಗೆ ಅವನು ಎರಡನೆಯದನ್ನು ಹುಡುಕಲೇ ಇಲ್ಲ.

ಮೂರು ಸಲ ಅಳಿಯ ಕಾರು ತಂದಾಗಲೂ ಅವನು ಏನೇನೋ ಕೇಳಿದ್ದ. ಇಂಜಿನ್ ಬಿಸಿ ಇತ್ತಾ, ರಸ್ತೆ ಒದ್ದೆ ಇತ್ತಾ, ಪೆಟ್ರೋಲ್ ಎಲ್ಲಿ ಹಾಕಿಸಿದೆ. ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಮಾತ್ರ ಕೇಳಿರಲಿಲ್ಲ. ಕೇಳುವುದಿರಲಿ, ಆ ಸೀಟಿನಲ್ಲಿ ಅಳಿಯನನ್ನೂ ಕೂರಲು ಬಿಡದೆ ಬೆಂಚಿಗೆ ಅಟ್ಟಿದ್ದ. ತಾನೊಬ್ಬನೇ ಓಡಿಸಿದ. ಅವನೊಬ್ಬನೇ ಕೂತಾಗ ಕಾರಿಗೆ ರೋಗವೇ ಇಲ್ಲ.

"ಮೂವತ್ತೆಂಟು ವರ್ಷ," ಎಂದ ಅವನು. "ಥೂ, ನನ್ನ ಜಂಬಕ್ಕಿಷ್ಟು!"

"ಕಾರ್ಪೆಟ್ ಎತ್ತಿ ನೋಡೋಣ್ವಾ?"

"ಮುಟ್ಬೇಡ! ಆಯಮ್ಮ ಬರ್ಲಿ. ಅವರ ಕಣ್ಣೆದುರಿಗೇ ಎತ್ಬೇಕು. ಇಲ್ದಿದ್ರೆ ನಾನೇ ಗಂಟು ಹಾಕಿದೆ ಅಂತಾರೆ." ಆಮೇಲೆ ಅವನು ಕೊಂಬಿನ ಲೋಟ ತೆಗೆದುಕೊಂಡು ಒಂದೇ ಉಸಿರಿಗೆ ಬರಿದು ಮಾಡಿದ. "ಇನ್ನೊಂದು ಹಾಕು."

"ಹಾಗ್ ಬನ್ನಿ ದಾರಿಗೆ," ಎಂದ ಪೇದೆ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಎರಡು ಜೀಪುಗಳು ಬಂದವು. ಮೊದಲನೆಯದರಿಂದ ಸುನಿಲ್ದಾ ಫ್ರೆತೆಸ್ ಇಳಿದಳು. ಐವತ್ತರ ಹೆಂಗಸು, ದಪ್ಪ ಕನ್ನಡಕ, ಕೈಯಲ್ಲಿ ಠಾಣೆಯ ಪುಸ್ತಕ. ಎರಡನೆಯದರಿಂದ ವಿದಾಲ್‌ನನ್ನು ಇಳಿಸಿದರು.

ಅಳಿಯನನ್ನು ನೋಡಿ ಎವಾರಿಸ್ತೊ ಎರಡು ಹೆಜ್ಜೆ ಮುಂದಿಟ್ಟ. ಹತ್ತೊಂಬತ್ತು ದಿನಕ್ಕೆ ಆ ಆಳುದ್ದ ದೇಹ ಒಣಗಿ ಕೋಲಾಗಿತ್ತು. ಕೈಗೆ ಕೋಳ. ಹಣೆಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ.

"ಇವನ ವಕೀಲರು?" ಎಂದು ಕೇಳಿದಳು ಸುನಿಲ್ದಾ.

"ದಾರಿಲಿದ್ದಾರಂತೆ ಮೇಡಂ."

"ಯಾವಾಗ್ಲೂ ದಾರಿಲೇ ಇರ್ತಾರೆ. ಸರಿ. ಕಾರು ನಿಂತ್ಕೊಳ್ತಾ ಮೇಸ್ತ್ರಿ?"

"ನಿಂತ್ಕೊಳ್ತು ಮೇಡಂ! ನಿಮ್ಮೆದುರಿಗೆ ಹತ್ತು ಸಲ ನಿಲ್ಲಿಸ್ತೀನಿ." ಅವನ ದನಿ ಅವನಿಗೇ ಗುರುತು ಸಿಗದಷ್ಟು ಎಳೆಯದಾಗಿತ್ತು. "ವಿದಾಲ್, ಸಿಕ್ತು ಕಣೋ! ಕೊನೆಗೂ ಸಿಕ್ತು. ತಪ್ಪು ಸೆನ್ಸರ್‌ದಲ್ಲ, ನಿಂದಲ್ಲ, ನಂದು. ಕಾಂತಾ, ಹೋಗು, ಪಕ್ಕದ ಸೀಟಲ್ಲಿ ಕೂತ್ಕೋ."

ವಿದಾಲ್‌ನ ಮುಖದಲ್ಲಿ ಮೂಡುತ್ತಿದ್ದ ನಗು ಅರ್ಧಕ್ಕೇ ನಿಂತಿತು.

"ಪಕ್ಕದ ಸೀಟಾ?" ಎಂದ.

"ಹೂಂ ಕಣೋ. ಅಲ್ಲೇ ಇದೆ ಮರ್ಮ."

"ಮಾವ, ಬೇಡ. ಬಿಟ್ಬಿಡಿ."

"ಏನ್ ಬಿಡೋದು? ನಿನ್ ತಲೆ ಕೆಟ್ಟಿದ್ಯಾ?"

"ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ಸಾಕು ಮಾಡಿ."

ಎವಾರಿಸ್ತೊಗೆ ಕೇಳಿಸಿತು. ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಜೈಲಿನ ಅನ್ನ ತಿಂದು ಮನಸ್ಸು ಕುಗ್ಗಿದೆ, ಒಳ್ಳೆಯದು ಬಂದರೂ ನಂಬಲಾರ ಎಂದುಕೊಂಡ. ಚಾವಿ ತಿರುಗಿಸಿದ. ಪೇದೆ ಹಿಮ್ಮಡಿ ಊರಿದ. ಇಂಜಿನ್ ಸತ್ತಿತು. ಕಾಲೆತ್ತಿದ, ಎದ್ದಿತು. ಊರಿದ, ಸತ್ತಿತು. ದೀಪ ಒಂದು, ಮೂರು ಎಂದು ಎಣಿಸಿ ಹೇಳಿತು. ಸುನಿಲ್ದಾ ತಾನೇ ಬಗ್ಗಿ ನೋಡಿ ತಾನೇ ಎಣಿಸಿದಳು.

ಆಮೇಲೆ ಕಾರ್ಪೆಟ್ ಎತ್ತಿದರು. ಬಿಸಿಲಿಗೆ ಕರಗಿ ಅಂಟಂಟಾಗಿದ್ದ ಕಪ್ಪು ಟೇಪು, ಅದರಡಿ ಬರಿದೇ ತಿರುಚಿ ಬಿಟ್ಟ ಎರಡು ತಂತಿ. ಬೆಸುಗೆ ಇಲ್ಲ. ತಾಮ್ರ ಹಸಿರುಗಟ್ಟಿತ್ತು. ಆಕೆ ಆರು ಫೋಟೋ ತೆಗೆಸಿದಳು.

"ಎಷ್ಟೋ ವರ್ಷದ ಹಳೇ ಗಂಟು ಇದು, ಯಾರು ನೋಡಿದ್ರೂ ಹೇಳ್ತಾರೆ," ಎಂದ ಎವಾರಿಸ್ತೊ. "ನಾನು ಕಟ್ಟಿದ್ದಲ್ಲ, ಇವನು ಕಟ್ಟಿದ್ದಲ್ಲ."

"ಒಪ್ಕೊಂಡೆ," ಎಂದಳು ಸುನಿಲ್ದಾ. "ಇಂಜಿನ್ ತಾನಾಗೇ ನಿಂತಿರಬಹುದು. ನಮ್ಮ ಪರಿಣತರು ಇದನ್ನ ಕಂಡುಹಿಡೀಬೇಕಿತ್ತು. ಶಹಬ್ಬಾಸ್ ಮೇಸ್ತ್ರಿ."

ಎವಾರಿಸ್ತೊಗೆ ಅಲ್ಲೇ ಮಣ್ಣಿನ ಮೇಲೆ ಕೂತು ಗೊಳೋ ಎಂದು ಅತ್ತುಬಿಡಬೇಕೆನ್ನಿಸಿತು. ನಿಮಿಯಾಗೆ ಯಾರಾದರೂ ಫೋನ್ ಮಾಡಬೇಕು. ಈಗಲೇ ಮಾಡಬೇಕು.

"ಒಂದೇ ಒಂದು ಸಣ್ಣ ಪ್ರಶ್ನೆ," ಎಂದಳು ಆಕೆ. "ಕಾಲು ಊರದೆ ಇದ್ರೆ ನಿಲ್ಲುತ್ತಾ?"

"ಅಂದ್ರೆ?"

"ಈ ಸೀಟು ಖಾಲಿ ಇದ್ರೆ, ಇಂಜಿನ್ ನಿಲ್ಲುತ್ತಾ?"

ಪ್ರಶ್ನೆ ಎತ್ತ ಹೋಗುತ್ತಿದೆ ಎಂದು ಅವನಿಗೆ ತಕ್ಷಣ ಹೊಳೆಯಲಿಲ್ಲ. ಹೊಳೆದಾಗ ಅವನ ಕಣ್ಣು ಗೇಟಿನ ಬಳಿಯ ಹಂಪುಗಳ ಕಡೆ ಹೋಯಿತು.

"ಹಂಪಿನ ಮೇಲೆ ಕುಕ್ಕಿದ್ರೆ... ಗುಂಡಿಗೆ ಬಿದ್ರೆ... ನಿಲ್ಲಬಹುದು ಮೇಡಂ."

ಜೀವನದಲ್ಲಿ ಗಾಡಿಯ ಬಗ್ಗೆ ಅವನು ಹೇಳಿದ ಮೊದಲ ಸುಳ್ಳು ಅದು. ಹೇಳಲು ಬರಲಿಲ್ಲ, ಮಾತು ತೊದಲಿತು.

ಸುನಿಲ್ದಾ ಠಾಣೆಯ ಪುಸ್ತಕ ತೆರೆದಳು. ಓದುವಾಗ ಆಕೆಯ ದನಿಯಲ್ಲಿ ಗೆದ್ದ ಸಡಗರ ಇರಲಿಲ್ಲ. "'ಅರವತ್ತೆರಡು ಸಲ ಸ್ಟಾರ್ಟ್ ಮಾಡಿದೆ. ಹಂಪಿನ ಮೇಲೆ ನಲವತ್ತು ಸಲ ಹಾರಿಸಿದೆ. ಒಂದು ಸಲವೂ ನಿಲ್ಲಲಿಲ್ಲ.' ನಿಮ್ಮದೇ ಅಕ್ಷರ. ನಿಮ್ಮದೇ ಸಹಿ. ನಿಮ್ಮಂಥ ನಿಯತ್ತಿನ ಮನುಷ್ಯ ಬರೆದದ್ದನ್ನ ನಾನು ನಂಬ್ತೀನಿ."

ಎವಾರಿಸ್ತೊ ತನ್ನ ಸಹಿಯ ಮೇಲೆ ಬೆರಳಿಟ್ಟ.

"ದೋನ್ ಅಪಾರಿಸಿಯೊ ಹಿಂದಿನ ಸೀಟಲ್ಲಿದ್ರು. ಫೈರ್ ಸರ್ವಿಸಿನವರು ಹಿಂದಿನ ಬೆಲ್ಟ್ ಕತ್ತರಿಸಿ ಹೆಣ ತೆಗೆದಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. ನಿಮ್ಮ ಅಳಿಯ ಹೇಳಿಕೆ ಕೊಟ್ಟಿದ್ದಾನೆ, ಎರಡು ಸಲ. 'ಕಾರಲ್ಲಿ ನಾನು, ಅವರು, ಇಬ್ರೇ. ಮೂರನೆಯವರು ಇರ್ಲಿಲ್ಲ.'" ಆಕೆ ಪುಸ್ತಕ ಮುಚ್ಚಿದಳು. "ಹಾಗಿದ್ರೆ ಇಲ್ಲಿ ಕಾಲು ಊರಿದವರು ಯಾರು?"

ಕಾಂತಾಲಿಸಿಯೊ ಆ ಸೀಟಿನಿಂದ ಮೆಲ್ಲಗೆ ಜಾರಿ ಇಳಿದ.

"ಸೀಟು ಪೂರ್ತಿ ಮುಂದಕ್ಕೆ ಎಳೆದಿದೆ," ಎಂದಳು ಆಕೆ, ಪೇದೆಯ ಹೊಟ್ಟೆ ನೋಡುತ್ತ. "ಇವರಂತೂ ಎಳ್ಕೊಂಡಿಲ್ಲ. ಅಪಘಾತದ ದಿನದ ಫೋಟೋದಲ್ಲೂ ಹೀಗೇ ಇದೆ, ನಾನು ಗಮನ ಕೊಟ್ಟಿರ್ಲಿಲ್ಲ. ಕೂತಿದ್ದೋರು ಕುಳ್ಳಗಿನೋರು. ಲಾರಿ ಹಿಂದಿನಿಂದ ಗುದ್ದಿದೆ, ಮುಂದೆ ಕೂತೋರು ಬದುಕಿ ಉಳಿದಿದ್ದಾರೆ. ಪೊಲೀಸ್ ಬರೋದ್ರೊಳಗೆ ಇಳಿದು ಹೋಗಿದ್ದಾರೆ. ಮೇಸ್ತ್ರಿ, ತಪ್ಪು ತಿಳ್ಕೋಬೇಡಿ, ನಿಮ್ಮ ಮಗಳು ಎಷ್ಟು ಎತ್ತರ?"

"ನನಗಿಂತ ಒಂದು ಗೇಣು ಹೆಚ್ಚು!" ಎವಾರಿಸ್ತೊ ಹೆಚ್ಚುಕಡಿಮೆ ಕಿರುಚಿದ. "ಅವತ್ತು ಅವಳು ಆಸ್ಪತ್ರೆಲಿ ಡ್ಯೂಟಿ ಮೇಲಿದ್ಲು. ಬೇಕಾದ್ರೆ ಹೋಗಿ ಕೇಳಿ."

"ಕೇಳಿದ್ದೀವಿ. ನಿಜ. ಅವರಲ್ಲ."

ಮಗಳಲ್ಲ ಎಂಬ ನೆಮ್ಮದಿ ಒಂದು ಉಸಿರಿನಷ್ಟು ಹೊತ್ತೂ ಉಳಿಯಲಿಲ್ಲ. ಮಗಳಲ್ಲದಿದ್ದರೆ ಇನ್ನಾರು? ಜಮೀನಿನವರ ಕಡೆಯವರೇ? ಸರ್ವೇಯರ್ ಜೊತೆಗೆ ಬಂದವರೇ? ಅಥವಾ ವಿದಾಲ್ ಹೆಂಡತಿಗೂ ಹೇಳಲಾಗದ ಯಾರೋ? ಎವಾರಿಸ್ತೊ ಅಳಿಯನ ಹತ್ತಿರ ಹೋಗಿ ಕೋಳ ಹಾಕಿದ ಆ ಕೈಗಳನ್ನು ಹಿಡಿದುಕೊಂಡ.

"ಹೇಳೋ. ಯಾರಿದ್ರು?"

ವಿದಾಲ್ ನೆಲ ನೋಡುತ್ತಿದ್ದ.

"ಯಾರೇ ಆಗಿರ್ಲಿ ಕಣೋ. ನಾನು ಕೋಪ ಮಾಡ್ಕೊಳ್ಳಲ್ಲ. ನಿಮಿಯಾಗೂ ನಾನೇ ಸಮಾಧಾನ ಹೇಳ್ತೀನಿ. ಆ ಮನುಷ್ಯ ಬಂದು 'ಹೌದು, ನಾನು ಕೂತಿದ್ದೆ, ಇಂಜಿನ್ ತಾನಾಗೇ ನಿಂತ್ಹೋಯ್ತು' ಅಂತ ಒಂದು ಮಾತು ಹೇಳಿದ್ರೆ ಸಂಜೆಗೆ ನೀನು ಮನೇಲಿರ್ತೀಯ. ಅರ್ಥ ಆಗ್ತಿದ್ಯಾ? ಸಂಜೆಗೆ!"

"ಗೊತ್ತು ಮಾವ."

"ಮತ್ತೆ ಬಾಯಿ ಬಿಡೋ!"

ವಿದಾಲ್ ತಲೆ ಎತ್ತಿದ. ಅವನ ಕಣ್ಣಲ್ಲಿ ನೀರಿತ್ತು, ಆದರೆ ದನಿ ಗಟ್ಟಿಯಾಗಿತ್ತು. ಅವನು ಮಾವನನ್ನು ನೋಡಲಿಲ್ಲ, ಸರ್ಕಾರಿ ವಕೀಲೆಯನ್ನು ನೋಡಿದ.

"ಮೇಡಂ, ಬರ್ಕೊಳ್ಳಿ. ಪಕ್ಕದ ಸೀಟಲ್ಲಿ ಯಾರೂ ಇರ್ಲಿಲ್ಲ. ಇಂಜಿನ್ ತಾನಾಗೇ ನಿಲ್ಲಲಿಲ್ಲ. ತಿರುವಲ್ಲಿ ನಾನೇ ಚಾವಿ ತಿರುಗಿಸಿ ಆಫ್ ಮಾಡ್ದೆ. ಲಾರಿ ಬರ್ತಿರೋದು ಕನ್ನಡೀಲಿ ನೋಡಿದ್ದೆ."

"ವಿದಾಲ್!"

"ಬೇಕಂತಲೇ ಮಾಡ್ದೆ," ಎಂದ ವಿದಾಲ್. "ಇಷ್ಟೇ ಸತ್ಯ."

ಸುನಿಲ್ದಾ ಕನ್ನಡಕ ತೆಗೆದಳು. "ನಿನ್ನ ವಕೀಲರು ಬರೋವರೆಗೂ ಬಾಯಿ ಮುಚ್ಕೊಂಡಿರು. ಏನು ಹೇಳ್ತಿದ್ದೀಯ ಗೊತ್ತಾ? ಇಪ್ಪತ್ತೈದು ವರ್ಷ."

"ಗೊತ್ತು. ಸಹಿ ಎಲ್ಲಿ ಹಾಕ್ಬೇಕು?"

"ಸುಳ್ಳು ಮೇಡಂ!" ಎವಾರಿಸ್ತೊ ಆಕೆಯ ಮುಂದೆ ಬಂದು ನಿಂತ. ಕೈಯಲ್ಲಿ ಆ ಅಂಟು ಟೇಪಿನ ತುಂಡು ಹಾಗೇ ಇತ್ತು. "ಶುದ್ಧ ಸುಳ್ಳು. ಇವನು ಯಾರನ್ನೋ ಕಾಪಾಡ್ತಿದ್ದಾನೆ. ನೀವೇ ನೋಡಿದ್ರಲ್ಲ, ಇಂಜಿನ್ ಸತ್ತಿದ್ದನ್ನ ನಿಮ್ಮ ಕಣ್ಣಾರೆ ನೋಡಿದ್ರಲ್ಲ! ಇವನ ಮಾತು ನಂಬಬೇಡಿ!"

ಆಕೆ ಕನ್ನಡಕ ಮತ್ತೆ ಹಾಕಿಕೊಂಡಳು.

"ಮೇಸ್ತ್ರಿ," ಎಂದಳು, "ಇವನು ಸುಳ್ಳು ಹೇಳೋ ಹುಡುಗನೇ ಅಲ್ಲ ಅಂತ ಹತ್ತೊಂಬತ್ತು ದಿನದಿಂದ ನನ್ನ ಬೆನ್ನು ಬಿದ್ದಿದ್ದೋರು ನೀವೇ."

ಎವಾರಿಸ್ತೊನ ಹಿಂದೆ ವಿದಾಲ್ ಕೋಳದ ಕೈಗಳನ್ನು ಮುಂದೆ ಚಾಚಿ, ಪೇದೆ ಕಾಂತಾಲಿಸಿಯೊನ ಜೇಬಿನಿಂದ ಪೆನ್ನು ತೆಗೆದುಕೊಂಡ.